ಮದಲೇನ ಹೇಳದೆ ಬಿಟ್ಟ ಸಾಲು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಉಪದೇಶಿ ಚೌರಪ್ಪನವರು. ಹೇಳಿದ್ದು ಗರಿಗಳ ಭಾನುವಾರದ ಹಿಂದಿನ ಶನಿವಾರ, ಮಧ್ಯಾಹ್ನ ಮೂರೂವರೆಯಿಂದ ಐದೂಕಾಲರವರೆಗೆ, ಕನ್ಯಾಮಠದ ಪೂರ್ವದ ಜಗಲಿಯಲ್ಲಿ. ಆಗ ಅವರಿಗೆ ಎಪ್ಪತ್ತೊಂಬತ್ತು ವರ್ಷ. ಅದರಲ್ಲಿ ನಲವತ್ತನ್ನು ಆ ಊರಿನ ಮಕ್ಕಳಿಗೆ ಜಪಗಳನ್ನೂ ಧರ್ಮದ ಪಾಠವನ್ನೂ ಕಲಿಸುವುದರಲ್ಲಿ ಕಳೆದಿದ್ದರು. ಕೇಳಲು ಕುಳಿತವರು ನನ್ನನ್ನು ಬಿಟ್ಟು ಹನ್ನೊಂದು ಜನ. ಎಲ್ಲರ ಮಡಿಲಲ್ಲೂ ತೆಂಗಿನ ಎಳೆಗರಿಯಿತ್ತು. ಮರುದಿನದ ಮೆರವಣಿಗೆಗೆ ಪುಟ್ಟ ಶಿಲುಬೆಗಳನ್ನು ಹೆಣೆಯುತ್ತಿದ್ದರು. ಇದೇ ಕಥೆಯನ್ನು ಆಮೇಲೆ ಇನ್ನಿಬ್ಬರಿಂದಲೂ ಕೇಳಿ ಬರೆದುಕೊಂಡಿದ್ದೇನೆ. ಮೂವರ ಮಾತು ಹೊಂದದ ಕಡೆ ಅದನ್ನು ಮರೆಮಾಚಿಲ್ಲ.

ಆ ಊರಿನಲ್ಲಿ ಮನಸ್ಸಿಲ್ಲದೆ ಆಡಿದ ಮಾತು ಬಾಯಿಂದ ಹೊಟ್ಟಾಗಿ ಉದುರುತ್ತದೆ. ಭತ್ತದ ಹೊಟ್ಟಿಗಿಂತ ತುಸು ಹಗುರ, ಬಣ್ಣ ಹೆಚ್ಚುಕಡಿಮೆ ಅದೇ. ಹೊಸಬರು ನಾಚುತ್ತಾರೆ, ಊರಿನವರು ಸೆರಗು ಕೊಡವಿಕೊಂಡು ಮುಂದಿನ ಮಾತಿಗೆ ಹೋಗುತ್ತಾರೆ. ಸಾವಾದ ಮನೆಯ ಬಾಗಿಲಲ್ಲಿ ಚಾಪೆ ಹಾಸಿರುತ್ತಾರೆ, ಸಮಾಧಾನ ಹೇಳಿ ಹೋದವರದನ್ನು ಸಂಜೆ ಒಟ್ಟಿಗೆ ಸುತ್ತಿ ತೆಗೆಯಲು ಅನುಕೂಲ ಎಂದು. ಮದುವೆಯಲ್ಲಿ ನಾಲ್ಕು ಮಾತಾಡಲು ಎದ್ದವರ ಮುಂದೆ ಮೊರ ಇಡುವುದು ವಾಡಿಕೆ. ಅಂಗಡಿಯವರು ಗಿರಾಕಿಗೆ ‘ಉಪಕಾರ’ ಎಂದಾಗ ಬೀಳುವುದನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಹೊಟ್ಟನ್ನು ದನ ಮೂಸುವುದಿಲ್ಲ, ಕೋಳಿ ಕೆದಕಿ ಬಿಟ್ಟುಬಿಡುತ್ತದೆ. ಆದರೆ ಒಲೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಹೊಗೆಯಾಡದೆ, ಸಮನಾಗಿ, ನಿಧಾನವಾಗಿ ಉರಿಯುತ್ತದೆ. ಭಾನುವಾರದ ಎರಡು ಪೂಜೆ ಮುಗಿದ ಮೇಲೆ ದೇವಾಲಯದ ನೆಲ ಗುಡಿಸಿದರೆ ನಾಲ್ಕು ಗೋಣಿಚೀಲ ತುಂಬುತ್ತದೆ. ಆ ನಾಲ್ಕೂ ಚೀಲ ಕನ್ಯಾಮಠದ ಹಿಂದಿನ ಒಲೆಮನೆಗೆ ಹೋಗುತ್ತವೆ. ಪೂಜೆಗೆ ಬೇಕಾದ ಓಸ್ತಿ, ಅಂದರೆ ಗೋಧಿ ಹಿಟ್ಟಿನ ತೆಳ್ಳನೆಯ ಬಿಳಿ ಅಪ್ಪ, ಸುಡುವುದು ಅಲ್ಲಿ.

“ನಮ್ಮ ಬಾಯಿಪಾಠದ ಉರಿಯಲ್ಲೇ ದೇವರ ಅಪ್ಪ ಬೇಯೋದು, ಬರ್ಕೊಳ್ಳಿ,” ಎಂದು ನಕ್ಕವರು ರಾಯಮ್ಮ. ಗಾಯನ ತಂಡವನ್ನು ನಡೆಸುವ ಗಟ್ಟಿ ದನಿಯ ಹೆಂಗಸು.

ಓಸ್ತಿ ಸುಡುವವರು ಮದಲೇನ. ಅಂದು ಅವರೂ ಅಲ್ಲೇ ಇದ್ದರು, ಜಗಲಿಯ ಕಂಬಕ್ಕೆ ಒರಗಿ, ಉಳಿದವರಿಗೆ ಅರ್ಧ ಬೆನ್ನು ಮಾಡಿ. ವಯಸ್ಸು ನಲವತ್ತೊಂದು. ಅವರು ಹೆಣೆದ ಶಿಲುಬೆಗಳನ್ನು ಒಂದರ ಮೇಲೊಂದು ಇಟ್ಟರೆ ಅಂಚಿಗೆ ಅಂಚು ಕೂಡುತ್ತಿತ್ತು. ದೊಡ್ಡ ಊರಿನ ಡಾಕ್ಟರೊಬ್ಬರು ಅವರಿಗೆ ಇರುವುದನ್ನು ಆಟಿಸಂ ಎಂದು ಹೇಳಿದ್ದು ಮೂವತ್ತು ದಾಟಿದ ಮೇಲಂತೆ. “ಹೆಸರು ಸಿಕ್ಕಿದ್ದು ಒಳ್ಳೇದಾಯ್ತು,” ಎಂದರು ನನಗೆ, ನನ್ನ ಮುಖ ನೋಡದೆ ನನ್ನ ಪುಸ್ತಕದ ಗೀಟುಗಳನ್ನು ನೋಡುತ್ತ. “ಮೊದಲು ಹಟಮಾರಿ ಅಂತಿದ್ದರು. ಅದು ತಪ್ಪು ಹೆಸರು.” ಕಥೆಯೊಳಗೆ ಉಪದೇಶಿ ಅವರನ್ನು ‘ಅವಳು’ ಎಂದೇ ಹೇಳಿದರು, ಅಲ್ಲಿ ನಾನೂ ಹಾಗೆಯೇ ಬರೆಯುತ್ತೇನೆ. ಪ್ರತಿ ವರ್ಷ ಗರಿ ಹೆಣೆಯುವ ಶನಿವಾರ ಉಪದೇಶಿ ಈ ಕಥೆ ಹೇಳಬೇಕು, ತಪ್ಪಿದರೆ ಮದಲೇನ ತಿದ್ದಬೇಕು. ಅದು ಅವರಿಬ್ಬರ ನಡುವಿನ ಕರಾರು.

ಮದಲೇನ ಅಜ್ಜಿ ಜ್ಞಾನಮ್ಮನ ಮನೆಯಲ್ಲಿ ಬೆಳೆದ ಹುಡುಗಿ. ದೇವಾಲಯದಲ್ಲಿ ಅವಳ ಜಾಗ ಬಾಗಿಲ ಕಡೆಯಿಂದ ಮೂರನೆಯ ಕಂಬದ ಬುಡ. ಬೇರೆಲ್ಲಿ ಕೂರಿಸಿದರೂ ಎದ್ದು ಅಲ್ಲಿಗೇ ಬರುತ್ತಿದ್ದಳು. ಪೂಜೆಯ ನಡುವೆ ಗಂಟೆ ಬಾರಿಸುವ ಒಂದು ಉಸಿರು ಮೊದಲೇ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಧೂಪ ಹಾಕಿದರೆ ಹೊರಗೆ ಹೋಗಿ, ಹೊಗೆ ಇಳಿದ ಮೇಲೆ ಬರುತ್ತಿದ್ದಳು. ಪಕ್ಕದವರು ಸಮಾಧಾನ ಕೋರಿ ಕೈ ಚಾಚಿದರೆ ತನ್ನ ಕೈ ಬೆನ್ನ ಹಿಂದೆ ಇಟ್ಟು ತಲೆ ಬಾಗಿಸುತ್ತಿದ್ದಳು. ಇಷ್ಟೆಲ್ಲ ಕಷ್ಟವಿದ್ದೂ ಒಂದು ಭಾನುವಾರ ತಪ್ಪಿಸಿದವಳಲ್ಲ. ಯಾಕೆ ಎಂದು ನಾನು ಕೇಳಿದಾಗ ಮದಲೇನ ಗರಿ ಮಡಚುತ್ತಲೇ ಉತ್ತರ ಕೊಟ್ಟರು: “ಅಲ್ಲಿ ಮುಂದೇನು ಅಂತ ಗೊತ್ತಿರುತ್ತೆ. ಕೂತ್ಕೋ ಅಂದ ಮೇಲೆ ಎಲ್ಲರೂ ಕೂರ್ತಾರೆ. ಏಳು ಅಂದರೆ ಎಲ್ಲರೂ ಏಳ್ತಾರೆ. ಬೇರೆ ಎಲ್ಲೂ ಯಾರೂ ಮೊದಲೇ ಹೇಳಲ್ಲ.” ಹಾಡು ಶುರುವಾದರೆ ಮಾತ್ರ ಅವಳ ಎರಡು ಕೈಗಳೂ ಎದೆಯ ಮಟ್ಟಕ್ಕೆ ಎದ್ದು, ಬೆರಳುಗಳು ಪಟಪಟನೆ ಆಡುತ್ತಿದ್ದವು. ಹಾಡು ನಿಂತಾಗ ಅವೂ ನಿಲ್ಲುತ್ತಿದ್ದವು.

ಮಗು ಜಪ ಮಾಡಿತೋ ಇಲ್ಲವೋ ಎಂದು ನೋಡಲು ಆ ಊರಿನಲ್ಲಿ ಇದ್ದ ಕ್ರಮ ಒಂದೇ: ಕೂತ ಜಾಗ ನೋಡುವುದು. ನಾಲ್ಕು ಹೊಟ್ಟಾದರೂ ಬಿದ್ದಿದ್ದರೆ ಬಾಯಿ ತೆರೆದಿದೆ ಎಂದರ್ಥ. ಮದಲೇನಳ ಜಾಗ ಒರೆಸಿಟ್ಟ ಹಾಗಿರುತ್ತಿತ್ತು. “ತುಟಿ ಆಡಿಸ್ತಾಳೆ, ಜಪ ಮಾಡಲ್ಲ ಅಂದ್ಕೊಂಡೆ,” ಎಂದರು ಉಪದೇಶಿ. “ಹೊಟ್ಟೇ ಬೀಳದ ಜಪ ಅಂತ ಒಂದಿರುತ್ತೆ ಅನ್ನೋದು ನನಗೆ ಹೊಳೀಲೇ ಇಲ್ಲ. ನನ್ನ ಕಾಲಡಿ ಯಾವತ್ತೂ ಇರ್ತಿತ್ತಲ್ಲ!” ಅವಳಿಗೆ ಒಂಬತ್ತು ತುಂಬಿ ಮೊದಲ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಗುರುಗಳು ನಾಲಿಗೆಗಿಡುವ ಓಸ್ತಿ, ತೆಗೆದುಕೊಳ್ಳುವ ವರ್ಷ ಬಂದಾಗ, ಜಪ ಮಾಡದ ಹುಡುಗಿಗೆ ಪ್ರಸಾದವಿಲ್ಲ ಎಂದು ಉಪದೇಶಿ ಜ್ಞಾನಮ್ಮನಿಗೆ ಹೇಳಿ ಕಳಿಸಿದರು. ಮುಂದಿನ ಭಾನುವಾರ ಮೂರನೆಯ ಕಂಬದ ಬುಡದಲ್ಲಿ ಎರಡು ಹಿಡಿ ಹೊಟ್ಟು ಬಿದ್ದಿತ್ತು. ಉಪದೇಶಿ ಬಗ್ಗಿ ಮುಟ್ಟಿ ನೋಡಿದರು, ಮೂಸಿದರು.

“ಇದು ಯಾರದು ಮದಲೇನ?”

“ಅಜ್ಜಿದು. ಶುಕ್ರವಾರ ರೈಸ್ ಮಿಲ್ಲಿಂದ ಸೆರಗಲ್ಲಿ ಕಟ್ಕೊಂಡು ಬಂದರು.”

ಅಲ್ಲಿ ಹನ್ನೊಂದು ಜನವೂ ನಕ್ಕರು. ಆ ಭಾಗಕ್ಕೆ ಪ್ರತಿ ವರ್ಷವೂ ನಗುತ್ತಾರಂತೆ. ಜ್ಞಾನಮ್ಮ ಆವತ್ತು ದೇವಾಲಯದ ಮೆಟ್ಟಿಲ ಮೇಲೆ ನಿಂತು, “ಲೋ ಚೌರಪ್ಪ, ನಿನ್ನ ಪಾಠದಲ್ಲಿ ಹೊಟ್ಟು ಜಾಸ್ತಿ ಬಂದರೆ ಪಾಸಾ?” ಎಂದು ಕೂಗಿದ್ದನ್ನೂ ಉಪದೇಶಿ ಬಿಡದೆ ಹೇಳಿದರು. ಆ ಮಾತು ಕೇಳಿದ ಮೇಲೆ ಅವರು ಹುಡುಗಿಯನ್ನು ಸಾಲಿಗೆ ಸೇರಿಸಿಕೊಂಡರು.

ಪ್ರಸಾದದ ಭಾನುವಾರಕ್ಕೆ ಮೂರು ದಿನ ಮೊದಲು ಮಕ್ಕಳಿಗೆ ಸಾಲಾಗಿ ನಡೆಯುವ ಅಭ್ಯಾಸ. ಹಾಡು ಶುರುವಾಯಿತು. ಇಪ್ಪತ್ತಾರು ಮಕ್ಕಳು ಕೈ ಜೋಡಿಸಿ ನಿಂತಿದ್ದರು. ಮದಲೇನಳ ಕೈ ಎದೆಯ ಮುಂದೆ ಆಡುತ್ತಿತ್ತು. ಉಪದೇಶಿ ಎರಡು ಸಲ ಗದರಿದರು. ಮೂರನೆಯ ಸಲ, ಮೇಣದ ಬತ್ತಿಗೆ ಸುತ್ತಲು ತಂದಿದ್ದ ಬಿಳಿ ರಿಬ್ಬನ್ನು ತೆಗೆದು ಅವಳ ಎರಡು ಅಂಗೈ ಸೇರಿಸಿ ಕಟ್ಟಿದರು.

“ಎರಡು ಗಂಟು ಹಾಕಿದೆ,” ಎಂದರು ಉಪದೇಶಿ.

“ಮೂರು,” ಎಂದರು ಮದಲೇನ, ತಿರುಗದೆ.

“ಮೂರು ಗಂಟು. ಹಾಡು ಮುಗಿಯೋವರೆಗೂ ಹಾಗೇ ನಿಲ್ಲಿಸಿದೆ. ಆಮೇಲೆ ಇನ್ನೊಂದು ಹಾಡು.”

“ಇನ್ನೆರಡು.”

“ಇನ್ನೆರಡು ಹಾಡು.” ಉಪದೇಶಿ ತಲೆ ತಗ್ಗಿಸಿ ಗರಿಯ ಅಂಚನ್ನು ಉಗುರಿನಿಂದ ಸೀಳಿದರು. ಯಾರೂ ನಗಲಿಲ್ಲ.

ಆ ಊರಿನಲ್ಲಿ ಪ್ರಸಾದದ ಹಿಂದಿನ ದಿನ ಮಕ್ಕಳು ದೊಡ್ಡವರ ಬಳಿಯೂ, ಉಪದೇಶಿ ಮಕ್ಕಳ ಬಳಿಯೂ ಕ್ಷಮೆ ಕೇಳುವ ಪದ್ಧತಿ ಇದೆ. ಚೌರಪ್ಪನವರು ಎಲ್ಲ ವರ್ಷದಂತೆ ಆ ವರ್ಷವೂ ಮಕ್ಕಳೆದುರು ನಿಂತು, “ನನ್ನಿಂದೇನಾದರೂ ತಪ್ಪಾಗಿದ್ದರೆ ಕ್ಷಮಿಸಿ,” ಎಂದರು. ಮಕ್ಕಳು ಒಟ್ಟಿಗೆ “ಕ್ಷಮಿಸಿದ್ದೇವೆ” ಎಂದವು. ಎರಡೂ ಕಡೆ ಒಂದಿಷ್ಟು ಉದುರಿತು. ಪ್ರತಿ ವರ್ಷ ಉದುರುತ್ತಿತ್ತು. ಮದಲೇನ ಬಾಯಿ ತೆರೆಯಲಿಲ್ಲ. ಮುಂದೆ ಬಂದು, ಉಪದೇಶಿಯ ಪಾದದ ಬಳಿ ಬಿದ್ದಿದ್ದರಲ್ಲಿ ಒಂದು ಹೊಟ್ಟನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಮನೆಗೆ ಹೋದಳು. ಅದನ್ನು ಒಂದು ಖಾಲಿ ವಿಕ್ಸ್ ಡಬ್ಬಿಯಲ್ಲಿ ಹಾಕಿಟ್ಟಳು.

ಮರುದಿನ ಪೂಜೆಯಲ್ಲಿ ಪರಲೋಕ ಮಂತ್ರ, ಯೇಸು ಕಲಿಸಿದ ಜಪ, ಹೇಳುವಾಗ ಉಪದೇಶಿ ಬೇಕೆಂದೇ ಅವಳ ಪಕ್ಕ ನಿಂತಿದ್ದರು. ಅವಳ ದನಿ ಸ್ಪಷ್ಟವಾಗಿತ್ತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎಂಬರ್ಥದ ಸಾಲು ಬಂದಾಗ ನಿಂತುಹೋಯಿತು. ಆ ಸಾಲು ದಾಟಿದ ಮೇಲೆ ಮತ್ತೆ ಶುರುವಾಯಿತು. ಇಡೀ ಮಂತ್ರ ಬಾರದ ಮಗುವಿಗೆ ಪ್ರಸಾದ ಕೊಡಿಸುವಂತಿಲ್ಲ ಎಂಬುದು ನಿಯಮ. ಉಪದೇಶಿ ಅವಳನ್ನು ಸಾಲಿನಿಂದ ಹೊರಗೆ ತಂದು ಮೂರನೆಯ ಕಂಬದ ಬಳಿ ಕೂರಿಸಿದರು.

ಅಲ್ಲಿಂದ ಮುಂದೆ ಪ್ರತಿ ವರ್ಷ ಅದೇ ಮಾತುಕತೆ. “ಕಲಿತ್ಯಾ?” “ಕಲ್ತಿದ್ದೀನಿ.” “ಹೇಳು ನೋಡೋಣ.” ಹೇಳುತ್ತಿದ್ದಳು. “ಒಂದು ಸಾಲು ಬಿಟ್ಟೆಯಲ್ಲ?” “ಬಿಟ್ಟೆ.” “ಯಾಕೆ?” “ಅದು ಇನ್ನೂ ಆಗಿಲ್ಲ.” ಏನು ಆಗಿಲ್ಲ ಎಂದು ಉಪದೇಶಿ ಕೇಳಲಿಲ್ಲ. ಹುಡುಗಿ ದಡ್ಡಿ ಎಂದುಕೊಂಡರು, ಒಮ್ಮೊಮ್ಮೆ ಕೊಬ್ಬು ಎಂದುಕೊಂಡರು. ಕಾಲ ಕಳೆದಂತೆ ಕೇಳುವುದನ್ನೂ ಬಿಟ್ಟರು.

ಹದಿನಾರಕ್ಕೆ ಅವಳು ಒಲೆಮನೆಗೆ ಸೇರಿದಳು. ಹಿಟ್ಟು, ನೀರು, ಎರಡೇ. ಉದ್ದ ಹಿಡಿಯ ಎರಡು ಕಬ್ಬಿಣದ ಬಿಲ್ಲೆಗಳ ನಡುವೆ ಹಿಟ್ಟು ಹುಯ್ದು ಒತ್ತಿ ಹಿಡಿಯುವುದು. ವಾಸನೆ ತಿರುಗುವ ಮೊದಲು ತೆಗೆಯುವುದು. ಒದ್ದೆ ಬಟ್ಟೆಯಲ್ಲಿಟ್ಟು ಮೆತ್ತಗಾದ ಮೇಲೆ ದುಂಡಗೆ ಕತ್ತರಿಸುವುದು. ಅಂಚು ಒಂದಿಷ್ಟು ಮುಕ್ಕಾದರೂ ಪಕ್ಕಕ್ಕಿಡುತ್ತಿದ್ದಳು. ಅವಳು ಬಂದ ಮೇಲೆ ಆ ಊರಿನಲ್ಲಿ ಯಾರ ನಾಲಿಗೆಗೂ ಸೀದ ಓಸ್ತಿ ಬರಲಿಲ್ಲ. ಹಾಗೆ ಹದಿನೇಳು ವರ್ಷ ಇಡೀ ಊರಿಗೆ ಅಪ್ಪ ಸುಟ್ಟವಳು, ಪ್ರಸಾದದ ಹೊತ್ತಿನಲ್ಲಿ ಕಂಬದ ಬಳಿ ನಿಂತು ಸಾಲು ಮುಂದೆ ಹೋಗುವುದನ್ನು ನೋಡುತ್ತಿದ್ದಳು.

“ಆಸೆ ಇರಲಿಲ್ಲವೇ?” ಎಂದು ನಾನು ನಡುವೆ ಕೇಳಿದೆ. ಕೇಳಬಾರದಿತ್ತೇನೋ. ಮದಲೇನ ಹೆಣೆಯುವುದನ್ನು ನಿಲ್ಲಿಸಿದರು. “ಪ್ರತಿ ಭಾನುವಾರ ಇತ್ತು,” ಎಂದರು.

ಅವಳಿಗೆ ಮೂವತ್ತಮೂರಾದಾಗ ಊರಿಗೆ ಹೊಸ ಗುರುಗಳು ಬಂದರು, ಫಾದರ್ ಅರುಳಾನಂದ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಶುರುವಾಗುವ ಬೂದಿ ಬುಧವಾರದ ಮರುದಿನ ಒಲೆಮನೆಗೆ ಬಂದು ಮಣೆ ಎಳೆದುಕೊಂಡು ಕೂತರು. ಓಸ್ತಿಯ ಚೂರು ಬಾಯಿಗೆ ಹಾಕಿಕೊಳ್ಳುತ್ತ, “ನೀನ್ಯಾಕಮ್ಮ ಸಾಲಿಗೆ ಬರಲ್ಲ?” ಎಂದರು.

“ಒಂದು ಸಾಲು ಹೇಳಲ್ಲ. ಅದಕ್ಕೆ.”

“ಯಾವ ಸಾಲು?”

ಹೇಳಿದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಯಾವ ಸಾಲು ಎಂದು ಕೇಳಿದವರು ಅವರೇ ಮೊದಲು.

“ಯಾರನ್ನು ಕ್ಷಮಿಸಿಲ್ಲ?”

“ಉಪದೇಶಿಯವರನ್ನ.”

ಗುರುಗಳು, ಇದು ನಿನ್ನ ತಪ್ಪಲ್ಲ, ಬರುವ ಭಾನುವಾರವೇ ಬಂದು ತೆಗೆದುಕೋ, ನಾನು ಕೊಡುತ್ತೇನೆ ಎಂದರು. ಅವಳು ಒಪ್ಪಲಿಲ್ಲ. “ನೀವು ಕೊಡ್ತೀರಿ ಸ್ವಾಮಿ. ಸಾಲು ಹಾಗೇ ಇರುತ್ತಲ್ಲ. ಅದನ್ನ ಹೇಳಿ ಆಮೇಲೆ ಅಲ್ವಾ ಪ್ರಸಾದ? ಬಿಟ್ಟು ಬಂದರೆ ಕ್ರಮ ತಪ್ಪುತ್ತೆ. ಸುಮ್ಮನೆ ಹೇಳಿದರೆ ಉದುರುತ್ತೆ.” ಹಾಗಾದರೆ ಸುಮ್ಮನೆ ಹೇಳುವ ನಮ್ಮಂಥವರ ಮೇಲೆ ನಿನಗೆ ಬೇಸರವೇ ಎಂದು ಗುರುಗಳು ಕೇಳಿದರಂತೆ. ಅವಳಿಗೆ ಆಶ್ಚರ್ಯವಾಯಿತು. “ಯಾಕೆ ಬೇಸರ? ಮನಸ್ಸಿಲ್ಲದಿದ್ದರೂ ಎದ್ದು ಬರ್ತಾರಲ್ಲ. ಅವರು ಬರದಿದ್ದರೆ ನಾನು ಯಾವುದರಲ್ಲಿ ಸುಡಲಿ? ಚೀಲ ಬಿಚ್ಚುವಾಗೆಲ್ಲ ಅವರನ್ನ ನೆನೀತೀನಿ.”

ಆ ಸಂಜೆ ಗುರುಗಳು ಉಪದೇಶಿಯನ್ನು ಕರೆಸಿದರು. ಬೈಯಲಿಲ್ಲ. “ಆ ಹೆಣ್ಣುಮಗಳ ಪ್ರಸಾದ ನಿಮ್ಮ ಕೈಲಿದೆ ಉಪದೇಶಿಯವರೇ, ನನ್ನ ಕೈಲಿಲ್ಲ,” ಎಂದಷ್ಟೇ ಹೇಳಿದರು.

ತಪಸ್ಸಿನ ಕಾಲದ ಮೊದಲ ಶುಕ್ರವಾರ, ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ, ಎಪ್ಪತ್ತೊಂದರ ಉಪದೇಶಿ ಒಲೆಮನೆಯ ಬಾಗಿಲಲ್ಲಿ ನಿಂತು, “ಮಗಳೇ, ನನ್ನಿಂದೇನಾದರೂ ತಪ್ಪಾಗಿದ್ದರೆ ಕ್ಷಮಿಸಿಬಿಡು,” ಎಂದರು. ಮೀಸೆಯ ಮೇಲಿಂದ ಒಂದು ಹೊಟ್ಟು ಇಳಿದು ಹೊಸ್ತಿಲ ಮೇಲೆ ಕೂತಿತು. ಮದಲೇನ ಗೋಡೆಯ ಗೂಡಿನಿಂದ ಆ ವಿಕ್ಸ್ ಡಬ್ಬಿ ತೆಗೆದು, ಹೊಸದನ್ನು ಹಳೆಯದರ ಪಕ್ಕ ಇಟ್ಟಳು. “ಎರಡಾಯ್ತು,” ಎಂದಳು. ಅಣಕವಲ್ಲ, ಎರಡಾಗಿತ್ತು, ಅದಕ್ಕೆ ಹೇಳಿದಳು. ಮೊದಲನೆಯದು ಯಾರದು ಎಂದು ಉಪದೇಶಿಗೆ ಆಗ ಗೊತ್ತಾಯಿತು.

ಎರಡನೆಯ ಶುಕ್ರವಾರ, ಎಲ್ಲ ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದು ವಿವರಿಸಿದರು. ಅಂದು ಬಿದ್ದದ್ದನ್ನು ಅವಳು ಮೊರದಲ್ಲಿ ಬಳಿದು ಒಲೆಗೆ ಹಾಕಬೇಕಾಯಿತು. “ಒಂದು ಸುತ್ತು ಓಸ್ತಿ ಆಗುತ್ತೆ,” ಎಂದಳು. ಆಮೇಲೊಮ್ಮೆ ಒಂದು ಹೊಸ ಜಪಸರ ತಂದುಕೊಟ್ಟರು. “ಚೆನ್ನಾಗಿದೆ. ಇದಕ್ಕೂ ಅದಕ್ಕೂ ಏನು?” ಎಂದು ಕೇಳಿ ಗೂಟಕ್ಕೆ ತೂಗುಹಾಕಿದಳು. ಮಠದ ಸಿಸ್ಟರುಗಳು, “ಉಪದೇಶಿಗಳು ಬರ್ತಾ ಇದ್ದರೆ ನಮಗೆ ಗೋಣಿಚೀಲ ಹೊರೋ ಕೆಲಸ ಇಲ್ಲ,” ಎಂದು ಕಿಸಕ್ಕೆಂದರು. ಐದನೆಯ ಶುಕ್ರವಾರ ಹೇಳಲು ಏನೂ ಉಳಿಯದೆ ಅವರು ಒಲೆಯ ಮುಂದೆ ಕೂತು ಸುಮ್ಮನೆ ಹೊಟ್ಟು ತುಂಬುತ್ತಿದ್ದರು. ಉರಿ ಸಮ ಹಿಡಿಯುವುದು ಹೇಗೆಂದು ಅವಳು ತೋರಿಸಿಕೊಟ್ಟಳು.

ಆರನೆಯ ಶುಕ್ರವಾರ ಉಪದೇಶಿ ಮೊದಲ ಸಲ ಒಂದು ಪ್ರಶ್ನೆ ಕೇಳಿದರು. “ಆವತ್ತು ಏನಾಯ್ತು ಮಗಳೇ? ನೀನೇ ಹೇಳು.”

ಈ ಜಾಗದಲ್ಲಿ ಚೌರಪ್ಪನವರು ಮಾತು ನಿಲ್ಲಿಸಿ ಕಂಬದ ಕಡೆ ನೋಡಿದರು. ಈ ಭಾಗ ಮದಲೇನ ಅವರೇ ಹೇಳುವುದು ರೂಢಿ. ಗರಿಯನ್ನು ಕೆಳಗಿಟ್ಟು, ಎದುರಿನ ಗೋಡೆಗೆ ಹೇಳುವಂತೆ ಹೇಳಿದರು: “ಹಾಡು ಒಳಗೆ ಬರುತ್ತೆ. ಎಲ್ಲರಿಗೂ ಬಾಯಿಂದ ಹೊರಗೆ ಹೋಗುತ್ತೆ. ನನಗೆ ಕೈಯಿಂದ ಹೋಗುತ್ತೆ. ಅದು ನನ್ನ ಜಪ. ಕಟ್ಟಿದಾಗ ಹಾಡು ಬರ್ತಾನೇ ಇತ್ತು, ಹೋಗೋಕೆ ದಾರಿ ಇರಲಿಲ್ಲ. ಮೂರು ಹಾಡು ಒಳಗೇ ಉಳೀತು. ತುಂಬಾ ನೋವಾಯ್ತು. ದೇವರಿಗೆ ಹೇಳಬೇಕಾದ್ದು ಆಗಲೇ ಇತ್ತು, ಹೇಳೋದು ಆಗಲಿಲ್ಲ.”

ಉಪದೇಶಿ ಮುಂದುವರಿಸಿದರು. ಒಲೆಗೆ ಇನ್ನೆರಡು ಹಿಡಿ ಹೊಟ್ಟು ತುಂಬಿದೆ ಎಂದರು. ಆಮೇಲೆ ಬಾಯಿಂದ ಬಂದದ್ದು ಇಷ್ಟು: “ನಿನ್ನ ಕೈ ಕಟ್ಟಿದೆ. ನೀನು ಜಪ ಮಾಡ್ತಿದ್ದೆ. ನಾನು ನಿಲ್ಲಿಸಿದೆ. ಭಾನುವಾರ ಗುರುಗಳ ಮುಂದೆ ನನ್ನ ಮಕ್ಕಳ ಸಾಲು ನೇರ ಕಾಣಬೇಕಾಗಿತ್ತು, ಅದಕ್ಕೇ ಕಟ್ಟಿದ್ದು. ನಿನ್ನ ಒಳ್ಳೇದಕ್ಕಲ್ಲ. ಕ್ಷಮಿಸು.”

ಇಬ್ಬರೂ ನೆಲ ನೋಡಿದರು. ಮದಲೇನ ಬಗ್ಗಿ ನೋಡಿದಳು, ಚಾಪೆ ಎತ್ತಿ ನೋಡಿದಳು, ಅವರ ಅಂಗಿಯ ಜೇಬಿನೊಳಗೂ ಇಣುಕಿದಳು. “ಬಿದ್ದಿಲ್ಲ,” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. “ನನ್ನದು ಭಾನುವಾರ ಗೊತ್ತಾಗುತ್ತೆ,” ಎಂದು ಒದ್ದೆ ಬಟ್ಟೆ ಹಿಂಡಲು ಹೋದಳು.

“ನಾನು ಮನೆವರೆಗೂ ಅತ್ಕೊಂಡು ಹೋದೆ,” ಎಂದರು ಉಪದೇಶಿ. ಆಗ ಅವರ ಮಡಿಲಿನ ಗರಿಯ ಮೇಲೆ ಒಂದು ಹೊಟ್ಟು ಉದುರಿತು.

“ತಾತ, ಬಿತ್ತು!” ಎಂದರು ರಾಯಮ್ಮ.

“ಆಯ್ತಮ್ಮ, ಅಳಲಿಲ್ಲ. ಕಣ್ಣು ಒದ್ದೆಯಾಗಿತ್ತು. ದಾರೀಲಿ ನಿಂತು ಬಾಳೆಹಣ್ಣೂ ತಗೊಂಡೆ, ಸಾಕಾ?”

ಆ ಭಾನುವಾರ ಗರಿಗಳ ಭಾನುವಾರ. ಪರಲೋಕ ಮಂತ್ರ ಬಂದಾಗ ಇಡೀ ದೇವಾಲಯ ಉಸಿರು ಹಿಡಿದಿತ್ತು ಎಂದು, ಈ ಕಥೆ ಹೇಳಿದವರಲ್ಲಿ ಎರಡನೆಯವರು ನನಗೆ ಹೇಳಿದರು. ಉಪದೇಶಿ ಅದನ್ನು ಒಪ್ಪುವುದಿಲ್ಲ. ಯಾರಿಗೂ ಏನೂ ಗೊತ್ತಿರಲಿಲ್ಲ, ಒಂದು ಮಗು ಅಳುತ್ತಿತ್ತು, ಯಾರೋ ಕೆಮ್ಮುತ್ತಿದ್ದರು, ಎಂದಿನಂತೆ ಎಲ್ಲರ ಬಾಯಿಂದಲೂ ಉದುರುತ್ತಿತ್ತು. ಅವರು ಎದುರಿನ ಕಂಬದ ಬಳಿ ನಿಂತು ಅವಳ ತುಟಿಯನ್ನೇ ನೋಡುತ್ತಿದ್ದರು. ಆ ಸಾಲು ಬಂತು. ಅವಳು ನಿಂತಳು. ಉಳಿದವರ ದನಿ ಮುಂದೆ ಹೋಯಿತು. ಆಗ ಅವಳು ಅರ್ಧ ಉಸಿರು ಹಿಂದೆ, ಒಬ್ಬಳೇ, ಆ ಸಾಲನ್ನು ಪೂರ್ತಿ ಹೇಳಿದಳು. ಹೇಳಿ ಕೆಳಗೆ ನೋಡಿದಳು. ನೆಲ ಒರೆಸಿಟ್ಟ ಹಾಗಿತ್ತು.

ಪ್ರಸಾದದ ಹಾಡು ಶುರುವಾದಾಗ ಅವಳು ಸಾಲಿನ ಕೊನೆಯಲ್ಲಿ ಬಂದು ನಿಂತಳು. ಕೈಗಳು ಎದೆಯ ಮಟ್ಟದಲ್ಲಿ ಪಟಪಟನೆ ಆಡುತ್ತಿದ್ದವು. ಹಾಗೆಯೇ ನಡೆದಳು. ಸಾಲು ನೇರವಾಗಿ ಕಾಣಲಿಲ್ಲ. ಮುಂದಿನ ಬೆಂಚಿನ ತುದಿಯಲ್ಲಿದ್ದ ಎಂಬತ್ತಾರರ ಜ್ಞಾನಮ್ಮ, ಎಲ್ಲರಿಗೂ ಕೇಳುವಂತೆ, “ಬಂದ್ಯಾ? ಬಾ, ಬಾ,” ಎಂದಳು. ಮದಲೇನ ಬಾಯಿ ತೆರೆಯುವವರೆಗೂ, ಬೆರಳುಗಳಿಗೆ ದಾರಿ ಬಿಟ್ಟು, ಗುರುಗಳು ಕಾದರು.

ಹೊರಗೆ ಬಂದ ಮೇಲೆ ಉಪದೇಶಿ ಧೈರ್ಯ ಮಾಡಿ, ಹೇಗಿತ್ತು ಎಂದು ಕೇಳಿದರು. “ರುಚಿ ಅದೇ,” ಎಂದಳು ಮದಲೇನ. ಅವಳ ಮುಖ ಅಷ್ಟು ಅರಳಿದ್ದನ್ನು ಉಪದೇಶಿ ಅದಕ್ಕೆ ಮೊದಲು ನೋಡಿರಲಿಲ್ಲ. “ಅದೇ ಇತ್ತು. ಬೇರೆ ಇದ್ದಿದ್ದರೆ ಹೆದರ್ತಿದ್ದೆ. ದೇವರು ಹಾಗೇ ಬಂದರು.”

ಡಬ್ಬಿಯ ಎರಡು ಹೊಟ್ಟನ್ನು ಒಲೆಗೆ ಹಾಕಿದ್ದು ಸೋಮವಾರ. ಭಾನುವಾರ ಒಲೆ ಹಚ್ಚುವಂತಿಲ್ಲ. ಆ ಉರಿಯಲ್ಲಿ ಪವಿತ್ರ ಗುರುವಾರದ ಓಸ್ತಿ ಬೆಂದಿತು. ಎರಡು ಹೊಟ್ಟಿಗೆ ಎಷ್ಟು ಉರಿ ಬಂದೀತು ಎಂದು ನಾನು ಕೇಳಿದೆ. “ಎರಡು ಹೊಟ್ಟಿನಷ್ಟು,” ಎಂದರು ಮದಲೇನ.

ಕಥೆ ಮುಗಿದ ಮೇಲೆ ಚೌರಪ್ಪನವರು ಮೊಣಕಾಲು ಹಿಡಿದು ಮೆಲ್ಲಗೆ ಎದ್ದು ನಿಂತು, ಕಂಬದ ಕಡೆ ತಿರುಗಿ, “ಉಪಕಾರ, ಮಗಳೇ,” ಎಂದರು. ಆ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಟ್ಟು ಉದುರಿಸುವ ಮಾತು ಅದು. ಹನ್ನೊಂದು ಕತ್ತುಗಳೂ ಅವರ ಪಾದದ ಕಡೆ ಬಾಗಿದವು. ಜಗಲಿಯ ಕೆಂಪು ನೆಲದ ಮೇಲೆ ಗರಿಯ ಸೀಳುಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ನಾನೂ ಪುಸ್ತಕ ಮುಚ್ಚಿ, ಕಥೆ ಕೊಟ್ಟದ್ದಕ್ಕೆ ಇಬ್ಬರಿಗೂ ಉಪಕಾರ ಎಂದೆ. ಕೆಳಗೆ ನೋಡುವ ಧೈರ್ಯವಾಗಲಿಲ್ಲ. ಮದಲೇನ ನನ್ನ ಚಪ್ಪಲಿಯ ಸುತ್ತ ಒಮ್ಮೆ ನೋಡಿ, “ಬಿದ್ದಿಲ್ಲ,” ಎಂದರು. ರಾಯಮ್ಮ ಹೆಣೆದ ಶಿಲುಬೆಗಳನ್ನೆಲ್ಲ ಬುಟ್ಟಿಗೆ ತುಂಬಿ ಬಟ್ಟೆ ಮುಚ್ಚಿದರು. ಒಬ್ಬೊಬ್ಬರಾಗಿ ಎದ್ದು, ಮಡಿಲು ಕೊಡವಿಕೊಂಡು, ಬೆಳಗಿನ ಮೆರವಣಿಗೆ ಎಷ್ಟು ಗಂಟೆಗೆಂದು ಮತ್ತೊಮ್ಮೆ ಕೇಳಿಕೊಂಡು, ಬಿಸಿಲು ಇಳಿದ ದಾರಿಯಲ್ಲಿ ಅವರವರ ಮನೆಗೆ ಹೋದರು.